ವಕೀಲರಿಲ್ಲದೆ ಸರಳ ಉಯಿಲು ಬರೆಯುವುದು ಹೇಗೆ: ಆಸ್ತಿ ಪಟ್ಟಿಯಿಂದ ಸಾಕ್ಷಿಗಳ ರುಜುವಿನವರೆಗೆ

ನಮ್ಮ ದೊಡ್ಡಪ್ಪ ತೀರಿಕೊಂಡ ಮೇಲೆ ಬೀರುವಿನಲ್ಲಿ ಒಂದು ಕಂದು ಲಕೋಟೆ ಸಿಕ್ಕಿತು. ಒಳಗೆ ನಾಲ್ಕು ಹಾಳೆ. ದುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ. ‘ಮನೆ ಪೂರ್ತಿ ನನ್ನ ಹೆಂಡತಿಗೆ ಸೇರತಕ್ಕದ್ದು’ ಎಂದು ಬರೆದು ಪ್ರತಿ ಹಾಳೆಗೂ ರುಜು ಹಾಕಿದ್ದರು. ಸಾಕ್ಷಿಗಳ ರುಜು ಮಾತ್ರ ಒಂದೂ ಇರಲಿಲ್ಲ.

ಕಾನೂನಿನ ಲೆಕ್ಕದಲ್ಲಿ ಅದು ಉಯಿಲೇ ಆಗಿರಲಿಲ್ಲ. ಉಯಿಲು ಬರೆಯದೆ ಹೋದವರ ಆಸ್ತಿ ಹೇಗೆ ಹಂಚಿಕೆ ಆಗುತ್ತದೋ ಹಾಗೇ ಮನೆ ನಾಲ್ಕು ಪಾಲಾಯಿತು. ದೊಡ್ಡಮ್ಮನಿಗೆ ಒಂದು, ಮೂವರು ಮಕ್ಕಳಿಗೆ ಮೂರು. ಇಬ್ಬರು ಮಕ್ಕಳು ಕೂಡಲೇ ಅಮ್ಮನ ಹೆಸರಿಗೆ ಹಕ್ಕು ಖುಲಾಸೆ ಪತ್ರ, ಅಂದರೆ ತಮ್ಮ ಪಾಲು ಬಿಟ್ಟುಕೊಡುವ ಪತ್ರ, ಬರೆದುಕೊಟ್ಟರು. ಮೂರನೆಯವರು ಒಪ್ಪಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ದೊಡ್ಡಮ್ಮ ತಮ್ಮದೇ ಮನೆಯಲ್ಲಿ ಬಾಡಿಗೆಯವರ ಹಾಗೆ ಅಂಜಿಕೊಂಡು ಇದ್ದರು. ಇನ್ನಿಬ್ಬರನ್ನು ಕರೆದು, ಹತ್ತು ನಿಮಿಷ ಕೂರಿಸಿ ರುಜು ಹಾಕಿಸಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಮನೆಯಲ್ಲೇ ಬರೆದ ಉಯಿಲು ಸಾಮಾನ್ಯವಾಗಿ ಎಡವುವುದು ಈ ರುಜುವಿನ ಹಂತದಲ್ಲೇ. ಒಕ್ಕಣೆ ಸಾದಾ ಮಾತಿನಲ್ಲಿದ್ದರೂ ನಡೆಯುತ್ತದೆ. ಸ್ಟಾಂಪ್ ಪೇಪರ್ ಬೇಡ, ನೋಟರಿ ಬೇಡ, ಕಾನೂನಿನ ದೊಡ್ಡ ದೊಡ್ಡ ಪದಗಳೂ ಬೇಡ. ಆದರೆ ರುಜು ಹೇಗೆ ಬೀಳಬೇಕು ಎಂಬ ವಿಷಯದಲ್ಲಿ ಕಾನೂನು ಕಟ್ಟುನಿಟ್ಟು. ಹಾಗಾಗಿ ಆ ಭಾಗವನ್ನು ಕೆಳಗೆ ಜಾಸ್ತಿ ವಿವರವಾಗಿ ಬರೆದಿದ್ದೇನೆ.

ಯಾರು ಬರೆಯಬಹುದು, ಯಾರು ವಕೀಲರ ಹತ್ತಿರ ಹೋಗಬೇಕು

ಭಾರತದಲ್ಲಿ ಉಯಿಲಿಗೆ ಆಧಾರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. 18 ವರ್ಷ ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಬರೆಯಬಹುದು. ಗಂಡಸು, ಹೆಂಗಸು ಎಂಬ ಭೇದವಿಲ್ಲ. ಮದುವೆಯಾದ ಹೆಣ್ಣುಮಗಳು ತನ್ನ ಹೆಸರಿನ ಆಸ್ತಿಗೆ ತಾನೇ ಉಯಿಲು ಬರೆಯಬಹುದು, ಗಂಡನ ಒಪ್ಪಿಗೆ ಬೇಕಿಲ್ಲ. ಕಣ್ಣು ಕಾಣದವರು, ಕಿವಿ ಕೇಳದವರು, ಮಾತು ಬಾರದವರು ಕೂಡ ಬರೆಯಬಹುದು. ತಾವು ಏನು ಮಾಡುತ್ತಿದ್ದೇವೆ ಎಂದು ಅವರಿಗೆ ಗೊತ್ತಿದ್ದರೆ ಸಾಕು.

ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದ ಆಸ್ತಿಯಲ್ಲಿ ಮೂರನೇ ಒಂದು ಭಾಗ ಮೀರಿ ಉಯಿಲು ಬರೆದರೆ ವಾರಸುದಾರರ ಒಪ್ಪಿಗೆ ಬೇಕು. ಗೋವಾದಲ್ಲಿ ಬೇರೆಯೇ ಕಾನೂನಿದೆ. ಈ ಇಬ್ಬರಿಗೂ ಕೆಳಗಿನ ಕ್ರಮ ಪೂರ್ತಿ ಹೊಂದುವುದಿಲ್ಲ.

ಇನ್ನು ಕೆಲವು ಸಂದರ್ಭಗಳಲ್ಲಿ ದಯವಿಟ್ಟು ವಕೀಲರ ಫೀಸು ಉಳಿಸಲು ನೋಡಬೇಡಿ. ಭಾಗವಾಗದ ಪಿತ್ರಾರ್ಜಿತ ಆಸ್ತಿ, ಕೋರ್ಟಿನಲ್ಲಿರುವ ಆಸ್ತಿ, ಸರ್ಕಾರದಿಂದ ಮಂಜೂರಾದ ಜಮೀನು, ಪಾಲುದಾರಿಕೆಯ ವ್ಯಾಪಾರ, ವಿದೇಶದಲ್ಲಿರುವ ಆಸ್ತಿ, ಜೀವನಪೂರ್ತಿ ಇನ್ನೊಬ್ಬರ ಆರೈಕೆ ಬೇಕಾದ ಮಗು, ಇವೆಲ್ಲ ಸರಳ ಉಯಿಲಿನ ವ್ಯಾಪ್ತಿಗೆ ಬರುವುದಿಲ್ಲ. ಒಬ್ಬ ಮಗನನ್ನೋ ಮಗಳನ್ನೋ ಪೂರ್ತಿ ಕೈಬಿಡುವ ಯೋಚನೆ ಇದ್ದರೂ ಅಷ್ಟೇ. ಅಂಥ ಉಯಿಲು ಕೋರ್ಟಿಗೆ ಹೋಗುವ ಸಾಧ್ಯತೆ ಹೆಚ್ಚು.

ಮೊದಲ ಹೆಜ್ಜೆ: ಪಟ್ಟಿ

ಒಂದು ನೋಟ್‌ಬುಕ್ ತೆಗೆದುಕೊಂಡು ಒಂದು ಸಂಜೆ ಕೂತುಬಿಡಿ. ಮನೆ, ಸೈಟು, ಜಮೀನು. ಬ್ಯಾಂಕ್ ಖಾತೆ, ಠೇವಣಿ, ಅಂಚೆ ಕಚೇರಿಯ ಉಳಿತಾಯ. ಪಿಎಫ್, ವಿಮೆ, ಷೇರು, ಮ್ಯೂಚುವಲ್ ಫಂಡ್. ಲಾಕರು, ಒಡವೆ, ವಾಹನ. ಯಾರಿಗಾದರೂ ಕೊಟ್ಟ ಸಾಲ. ನಿಮ್ಮ ಮೇಲಿರುವ ಸಾಲವನ್ನೂ ಬರೆಯಿರಿ, ಯಾಕೆಂದರೆ ಮೊದಲು ಸಾಲ ತೀರಬೇಕು, ಆಮೇಲೆ ಹಂಚಿಕೆ.

ಪ್ರತಿಯೊಂದರ ಮುಂದೆ ಎರಡು ಪ್ರಶ್ನೆ ಹಾಕಿಕೊಳ್ಳಿ. ಇದು ಯಾರ ಹೆಸರಿನಲ್ಲಿದೆ? ಇದು ನನಗೆ ಹೇಗೆ ಬಂತು?

ಎರಡನೇ ಪ್ರಶ್ನೆಗೆ ಉತ್ತರ ಹುಡುಕುವಾಗ ಕ್ರಯಪತ್ರ, ದಾನಪತ್ರ, ವಿಭಾಗ ಪತ್ರ ಕೈಯಲ್ಲಿ ಹಿಡಿದು ನೋಡಿ, ನೆನಪಿನ ಮೇಲೆ ಬರೆಯಬೇಡಿ. ನೀವೇ ದುಡಿದು ಕೊಂಡಿದ್ದರೆ ಅದು ಸ್ವಯಾರ್ಜಿತ. ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲಿಗೆ ಮಾತ್ರ ಬರೆಯಬಹುದು, ಇಡೀ ಆಸ್ತಿಗಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕಿದೆ. ಅವರ ಪಾಲನ್ನು ನಿಮ್ಮ ಉಯಿಲು ಮುಟ್ಟಲಾರದು.

ಹೆಂಡತಿಯ ಹೆಸರಿನಲ್ಲಿ ಕ್ರಯವಾದ ಮನೆಗೆ ಹೆಂಡತಿಯೇ ಬೇರೆ ಉಯಿಲು ಬರೆಯಬೇಕು. ಗಂಡ ಹೆಂಡತಿ ಸೇರಿ ಒಂದೇ ಉಯಿಲು ಬರೆಯುವ ರೂಢಿಯೂ ಇದೆ. ನಾನದನ್ನು ಸಲಹೆ ಮಾಡುವುದಿಲ್ಲ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬದಲಾಯಿಸಬಹುದೇ ಇಲ್ಲವೇ ಎಂಬ ತಕರಾರು ಅಲ್ಲೇ ಹುಟ್ಟುವುದು.

ನಾಮಿನಿ ಇದ್ದರೆ ಸಾಕಲ್ವಾ?

ಸಾಲದು. ನಾಮಿನಿ ಎಂದರೆ ಹಣವನ್ನು ಬ್ಯಾಂಕಿನಿಂದಲೋ ಕಂಪನಿಯಿಂದಲೋ ಪಡೆದುಕೊಳ್ಳಲು ನೀವು ಗೊತ್ತುಮಾಡಿದ ವ್ಯಕ್ತಿ. ಪಡೆದುಕೊಂಡ ಮಾತ್ರಕ್ಕೆ ಅದು ಸಾಮಾನ್ಯವಾಗಿ ಅವರದ್ದಾಗುವುದಿಲ್ಲ. ಷೇರುಗಳ ವಿಷಯದಲ್ಲೂ ಹೀಗೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ನಾಮಿನಿಯಾಗಿ ತಮ್ಮನ ಹೆಸರು, ಉಯಿಲಿನಲ್ಲಿ ಹೆಂಡತಿಯ ಹೆಸರು ಇದ್ದರೆ ಇಬ್ಬರಿಗೂ ಸುಮ್ನೆ ಜಗಳ ತಂದಿಟ್ಟ ಹಾಗೆ. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ಹೀಗಾಗಿರುವುದು ತುಂಬಾ. ಪಟ್ಟಿ ಮಾಡುವಾಗಲೇ ನಾಮಿನಿ ಹೆಸರನ್ನೂ ನೋಡಿ ಸರಿಪಡಿಸಿಕೊಳ್ಳಿ. ಬ್ಯಾಂಕ್ ಠೇವಣಿಗೆ 2025ರ ನವೆಂಬರ್‌ನಿಂದ ನಾಲ್ವರವರೆಗೆ ನಾಮಿನಿ ಹಾಕಬಹುದು.

ಎರಡನೇ ಹೆಜ್ಜೆ: ಯಾರಿಗೆ ಏನು

ಇದನ್ನು ನೀವೇ ನಿರ್ಧರಿಸಬೇಕು. ಆದರೆ ಬರೆಯುವ ಮುಂಚೆ ಮೂರು ವಿಷಯ ಯೋಚಿಸಿ.

ಒಂದು, ಪಡೆಯುವವರು ನಿಮಗಿಂತ ಮೊದಲೇ ಹೋಗಿಬಿಟ್ಟರೆ? ‘ನನ್ನ ಹೆಂಡತಿಗೆ, ಆಕೆ ನನಗಿಂತ ಮೊದಲು ತೀರಿಕೊಂಡಿದ್ದಲ್ಲಿ ಇಬ್ಬರು ಮಕ್ಕಳಿಗೆ ಸಮವಾಗಿ’ ಎಂದು ಒಂದು ಸಾಲು ಸೇರಿಸಿ. ಬರೆಯಲು ಮನಸ್ಸಿಗೆ ಹಿತವಲ್ಲದ ಸಾಲು, ಆದರೂ ಬಿಡಬೇಡಿ.

ಎರಡು, ಪಟ್ಟಿಯಲ್ಲಿ ಬಿಟ್ಟುಹೋದದ್ದು, ಮುಂದೆ ಕೊಳ್ಳುವಂಥದ್ದು ಯಾರಿಗೆ? ಇದಕ್ಕೂ ಒಂದೇ ಸಾಲು ಸಾಕು: ‘ಮೇಲೆ ಹೇಳದೆ ಉಳಿದ ಹಾಗೂ ಮುಂದೆ ನಾನು ಸಂಪಾದಿಸುವ ಎಲ್ಲ ಆಸ್ತಿಯೂ ಇಂಥವರಿಗೆ.’ ಈ ಸಾಲಿಲ್ಲದಿದ್ದರೆ ಅಷ್ಟರಮಟ್ಟಿಗೆ ಉಯಿಲಿಲ್ಲದ ಹಾಗೆಯೇ. ಹಿಂದೂ ಗಂಡಸು ಉಯಿಲಿಲ್ಲದೆ ಹೋದರೆ ಹೆಂಡತಿ, ಮಕ್ಕಳ ಜೊತೆ ಅವನ ತಾಯಿಗೂ ಸಮಪಾಲು ಇದೆ. ತಂದೆಗೆ ಅವರ ಸಾಲಿನಲ್ಲಿ ಜಾಗವಿಲ್ಲ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ವಯಸ್ಸಾದ ಅಪ್ಪ ನಿಮ್ಮನ್ನೇ ನೆಚ್ಚಿಕೊಂಡಿದ್ದರೆ ಅವರ ಹೆಸರನ್ನು ಉಯಿಲಿನಲ್ಲಿ ಬರೆಯಲೇಬೇಕು.

ಮೂರು, ಉಯಿಲನ್ನು ಜಾರಿಗೆ ತರುವವರು ಯಾರು? ಇವರನ್ನು ಎಕ್ಸಿಕ್ಯೂಟರ್ ಅಥವಾ ಉಯಿಲು ನಿರ್ವಾಹಕ ಎನ್ನುತ್ತಾರೆ. ಸಾಲ ತೀರಿಸಿ, ಬ್ಯಾಂಕುಗಳಿಗೆ ಓಡಾಡಿ, ಖಾತೆ ಬದಲಾವಣೆ ಮಾಡಿಸಿ ಅವರವರ ಪಾಲನ್ನು ತಲುಪಿಸುವ ಕೆಲಸ. ಆಸ್ತಿ ಪಡೆಯುವವರೇ ಈ ಕೆಲಸ ಮಾಡಬಹುದು, ಅಡ್ಡಿಯಿಲ್ಲ. ನಿಮಗಿಂತ ಚಿಕ್ಕವರನ್ನು ಆರಿಸಿ, ಮೊದಲೇ ಕೇಳಿ ಒಪ್ಪಿಸಿ. ಮಕ್ಕಳಿನ್ನೂ ಚಿಕ್ಕವರಿದ್ದರೆ, ಅವರು ದೊಡ್ಡವರಾಗುವ ತನಕ ಆಸ್ತಿ ನೋಡಿಕೊಳ್ಳುವವರ ಹೆಸರನ್ನೂ ಬರೆಯಿರಿ.

ಮೂರನೇ ಹೆಜ್ಜೆ: ಒಕ್ಕಣೆ

ಬಿಳಿ ಹಾಳೆ ಸಾಕು. ಕೈಬರಹವೋ ಟೈಪೋ, ಯಾವುದಾದರೂ ಸರಿ. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಬರೆಯಿರಿ. ಕನ್ನಡ ಮಾತ್ರ ಓದಬಲ್ಲ ಅಜ್ಜಿಯ ಉಯಿಲು ಇಂಗ್ಲಿಷಿನಲ್ಲಿದ್ದರೆ ‘ಅವರಿಗೆ ಇದು ಅರ್ಥವಾಗಿತ್ತೇ?’ ಎಂಬ ಪ್ರಶ್ನೆ ನಾಳೆ ಬಂದೇ ಬರುತ್ತದೆ. ಮೊಬೈಲಿನಲ್ಲಿ ಬರೆದಿಟ್ಟದ್ದು, ಇಮೇಲ್ ಕಳಿಸಿದ್ದು, ಡಿಜಿಟಲ್ ಸಹಿ ಹಾಕಿದ್ದು ಉಯಿಲಾಗುವುದಿಲ್ಲ. ಕಾಗದದ ಮೇಲೆ ಕೈಯ ರುಜುವೇ ಬೇಕು.

ಒಂದು ಮನೆ, ಬ್ಯಾಂಕಿನ ಹಣ ಇರುವ ಸಾಮಾನ್ಯ ಕುಟುಂಬಕ್ಕೆ ಇಷ್ಟು ಸಾಕು:

‘……… ರ ಮಗನಾದ, ಸುಮಾರು …… ವರ್ಷ ವಯಸ್ಸಿನ, ……… ವಿಳಾಸದಲ್ಲಿ ವಾಸವಾಗಿರುವ ……… ಆದ ನಾನು, ದಿನಾಂಕ ……… ರಂದು ಬರೆದಿಟ್ಟ ಉಯಿಲು.

ನಾನು ಆರೋಗ್ಯವಾಗಿದ್ದೇನೆ. ನನ್ನ ಬುದ್ಧಿ ಸ್ಥಿಮಿತದಲ್ಲಿದೆ. ಯಾರ ಒತ್ತಾಯಕ್ಕೂ ಪ್ರೇರಣೆಗೂ ಒಳಗಾಗದೆ ಸ್ವಂತ ಇಚ್ಛೆಯಿಂದ ಇದನ್ನು ಬರೆದಿದ್ದೇನೆ. ಈ ಹಿಂದೆ ಬರೆದ ಉಯಿಲುಗಳೇನಾದರೂ ಇದ್ದರೆ ಅವೆಲ್ಲವನ್ನೂ ರದ್ದು ಮಾಡಿದ್ದೇನೆ. ಇದೇ ನನ್ನ ಕೊನೆಯ ಉಯಿಲು.

ನನ್ನ ಕುಟುಂಬದಲ್ಲಿ ಹೆಂಡತಿ ………, ಮಗಳು ………, ಮಗ ……… ಇದ್ದಾರೆ.

ಕೆಳಗಿನ ಷೆಡ್ಯೂಲಿನಲ್ಲಿ ವಿವರಿಸಿದ ಮನೆಯು ನನ್ನ ಸ್ವಯಾರ್ಜಿತ. ದಿನಾಂಕ ……… ರ ಕ್ರಯಪತ್ರದ ಮೂಲಕ ನನಗೆ ಬಂದಿದೆ. ನನ್ನ ನಂತರ ಇದು ನನ್ನ ಹೆಂಡತಿಗೆ ಪೂರ್ಣ ಹಕ್ಕಿನಿಂದ ಸೇರತಕ್ಕದ್ದು. ಆಕೆ ನನಗಿಂತ ಮೊದಲು ತೀರಿಕೊಂಡಿದ್ದಲ್ಲಿ ಮಗಳಿಗೂ ಮಗನಿಗೂ ಸಮವಾಗಿ ಸೇರತಕ್ಕದ್ದು.

ನನ್ನ ಎಲ್ಲ ಬ್ಯಾಂಕ್ ಖಾತೆ ಮತ್ತು ಠೇವಣಿಗಳ ಹಣ ಮಗಳಿಗೆ ಅರ್ಧ, ಮಗನಿಗೆ ಅರ್ಧ ಸೇರತಕ್ಕದ್ದು. ಮೇಲೆ ಹೇಳದ ಹಾಗೂ ಮುಂದೆ ನಾನು ಸಂಪಾದಿಸುವ ಎಲ್ಲ ಆಸ್ತಿಯೂ ನನ್ನ ಹೆಂಡತಿಗೆ, ಆಕೆ ಇಲ್ಲದಿದ್ದಲ್ಲಿ ಇಬ್ಬರು ಮಕ್ಕಳಿಗೆ ಸಮವಾಗಿ ಸೇರತಕ್ಕದ್ದು.

ಈ ಉಯಿಲಿನ ನಿರ್ವಾಹಕರಾಗಿ ……… ಅವರನ್ನು ನೇಮಿಸಿದ್ದೇನೆ. ನಾನು ಬದುಕಿರುವವರೆಗೆ ಈ ಆಸ್ತಿಗಳ ಮೇಲಿನ ಪೂರ್ಣ ಹಕ್ಕು ನನ್ನದೇ.’

ಇದರ ಕೆಳಗೆ ಷೆಡ್ಯೂಲ್, ಅಂದರೆ ಆಸ್ತಿಯ ಪೂರ್ತಿ ವಿವರ. ಇಲ್ಲಿ ಆತುರ ಬೇಡ. ‘ನನ್ನ ಊರಿನ ಮನೆ’ ಎಂದರೆ ಸಾಲದು. ಮನೆ ಅಥವಾ ಸೈಟಿಗೆ ಖಾತೆ ನಂಬರು, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಯಿರಿ. ಜಮೀನಿಗೆ ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ. ಕ್ರಯಪತ್ರ ಮತ್ತು ಈಗಿನ ಪಹಣಿ ಎದುರಿಗಿಟ್ಟುಕೊಂಡು ಅಂಕಿ ಅಂಕಿ ಹೋಲಿಸಿ ನೋಡಿ. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೂ ಮಕ್ಕಳು ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆ.

‘ಪೂರ್ಣ ಹಕ್ಕಿನಿಂದ’ ಎಂಬ ಮಾತನ್ನು ಬೇಕೆಂದೇ ಹಾಕಿದ್ದೇನೆ. ‘ಹೆಂಡತಿ ಜೀವಂತ ಇರುವವರೆಗೆ ಅನುಭವಿಸಲಿ’ ಎಂದು ಬರೆದರೆ ಆಕೆಗೆ ವಾಸದ ಹಕ್ಕು ಮಾತ್ರ ಉಳಿದು, ಕಷ್ಟಕಾಲದಲ್ಲಿ ಮಾರಲು ಆಗದೆ ಹೋಗಬಹುದು. ಯಾವುದು ನಿಮ್ಮ ಮನಸ್ಸಿನಲ್ಲಿದೆಯೋ ಅದನ್ನೇ ಬಿಡಿಸಿ ಬರೆಯಿರಿ. ಒಬ್ಬ ಮಗುವಿಗೆ ಕಡಿಮೆ ಕೊಡುತ್ತಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ, ನೋವಾಗದ ಹಾಗೆ ಹೇಳಿ: ‘ಮಗನಿಗೆ ಸೈಟು ಕೊಳ್ಳಲು ಈಗಾಗಲೇ ಹಣ ಕೊಟ್ಟಿದ್ದೇನೆ.’ ಆ ಸಾಲನ್ನು ಅವನು ಓದುವಾಗ ನೀವು ಇರುವುದಿಲ್ಲ. ಬೈಗುಳ ಖಂಡಿತ ಬೇಡ.

ನಾಲ್ಕನೇ ಹೆಜ್ಜೆ: ರುಜುವಿನ ದಿನ

ಈಗ ಮುಖ್ಯ ಭಾಗ. 1925ರ ಕಾಯ್ದೆಯ 63ನೇ ಸೆಕ್ಷನ್ ಹೇಳುವುದು ಇಷ್ಟು. ಉಯಿಲು ಬರೆದವರು ರುಜು ಅಥವಾ ಹೆಬ್ಬೆಟ್ಟು ಹಾಕಬೇಕು. ಕೈಲಾಗದಿದ್ದರೆ ಅವರ ಎದುರಿಗೇ, ಅವರು ಹೇಳಿದಂತೆ ಇನ್ನೊಬ್ಬರು ಹಾಕಬಹುದು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನದೇ ರುಜು’ ಎಂದು ಬರೆದವರ ಬಾಯಿಂದ ಕೇಳಿರಬೇಕು. ಆಮೇಲೆ ಆ ಸಾಕ್ಷಿಗಳು ಬರೆದವರ ಎದುರಿಗೇ ತಮ್ಮ ರುಜು ಹಾಕಬೇಕು.

ಸಾಕ್ಷಿಗಳಿಬ್ಬರೂ ಒಂದೇ ಹೊತ್ತಿಗೆ ಇರಲೇಬೇಕೆಂದು ಕಾನೂನು ಹೇಳುವುದಿಲ್ಲ. ಆದರೂ ಇಬ್ಬರನ್ನೂ ಒಟ್ಟಿಗೆ ಕೂರಿಸುವುದೇ ಲೇಸು. ನಾಳೆ ಕೋರ್ಟಿನಲ್ಲಿ ಇಬ್ಬರೂ ಹೇಳುವ ಕಥೆ ಒಂದೇ ಆಗಿರುತ್ತದೆ.

ನಮ್ಮ ಮನೆಯಲ್ಲಿ ಅಪ್ಪ ಉಯಿಲು ಬರೆದಾಗ ದೊಡ್ಡಪ್ಪನ ಲಕೋಟೆ ಎಲ್ಲರಿಗೂ ನೆನಪಿತ್ತು. ಭಾನುವಾರ ಬೆಳಿಗ್ಗೆ ಮೇಜಿನ ಮೇಲಿದ್ದದ್ದೆಲ್ಲ ತೆಗೆದಿಟ್ಟು, ಮೂರು ಹಾಳೆ, ಒಂದು ನೀಲಿ ಪೆನ್ನು ಇಟ್ಟೆವು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. ಅಪ್ಪನ ಜೊತೆ ವಾಕಿಂಗ್ ಹೋಗುವ, ಅಪ್ಪನಿಗಿಂತ ಹದಿನೈದು ವರ್ಷ ಚಿಕ್ಕವರಾದ ಒಬ್ಬರು ಬಂದರು. ನಾವು ಮಕ್ಕಳು ಹೊರಗೆ ಜಗಲಿಯಲ್ಲಿ ಕೂತೆವು. ಅಪ್ಪ ಹಾಳೆಗಳನ್ನು ತಾವೇ ಗಟ್ಟಿಯಾಗಿ ಓದಿದರು. ‘ಮೇಷ್ಟ್ರೇ, ಇದು ನನ್ನ ಉಯಿಲು. ನೀವು ನೋಡ್ತಿರಿ, ನಾನು ರುಜು ಹಾಕ್ತೀನಿ’ ಎಂದದ್ದು ಜಗಲಿಗೂ ಕೇಳಿಸಿತು. ಪ್ರತಿ ಹಾಳೆಯ ಕೆಳಗೆ ರುಜು, ಕೊನೆಯ ಹಾಳೆಯಲ್ಲಿ ಪೂರ್ತಿ ರುಜು ಮತ್ತು ತಾರೀಖು. ಆಮೇಲೆ ಅದೇ ಪೆನ್ನಿನಲ್ಲಿ ಇಬ್ಬರೂ ಹೆಸರು, ತಂದೆಯ ಹೆಸರು, ವಿಳಾಸ ಬರೆದು ರುಜು ಹಾಕಿದರು. ಒಟ್ಟು ಇಪ್ಪತ್ತು ನಿಮಿಷ.

ನಾವು ಹೊರಗೆ ಕೂತದ್ದಕ್ಕೆ ಕಾರಣವಿದೆ. ಮೈಸೂರು ಸೀಮೆಯಿಂದ ಸುಪ್ರೀಂ ಕೋರ್ಟಿನವರೆಗೆ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣದ 1958ರ ತೀರ್ಪನ್ನು ಉಯಿಲಿನ ತಕರಾರುಗಳಲ್ಲಿ ಇವತ್ತಿಗೂ ಮುಂದಿಡುತ್ತಾರೆ. ಆಸ್ತಿಯಲ್ಲಿ ದೊಡ್ಡ ಪಾಲು ಪಡೆಯುವವರೇ ಮುಂದೆ ನಿಂತು ಉಯಿಲು ಬರೆಸಿದ್ದರೆ ಅದು ಅನುಮಾನಕ್ಕೆ ಎಡೆಮಾಡುತ್ತದೆ, ಆ ಅನುಮಾನ ನಿವಾರಿಸುವ ಹೊಣೆಯೂ ಅವರದ್ದೇ ಎಂಬುದು ಅದರ ಸಾರ. ಆದ್ದರಿಂದ ಪಾಲು ಪಡೆಯುವ ಮಕ್ಕಳು ಟೈಪ್ ಮಾಡಿಸುವುದು, ಸಾಕ್ಷಿ ಹುಡುಕುವುದು, ಕೈ ಹಿಡಿದು ರುಜು ಹಾಕಿಸುವುದು ಬೇಡವೇ ಬೇಡ.

ಸಾಕ್ಷಿಗಳನ್ನು ಆರಿಸುವಾಗ ಇದನ್ನು ನೋಡಿಕೊಳ್ಳಿ: ಉಯಿಲಿನಲ್ಲಿ ಪಾಲಿರುವವರು, ಅವರ ಗಂಡ ಅಥವಾ ಹೆಂಡತಿ ಸಾಕ್ಷಿ ಆಗಬಾರದು. ಕ್ರೈಸ್ತರಂಥ ಕೆಲವು ಸಮುದಾಯಗಳಿಗೆ ಅನ್ವಯಿಸುವ ನಿಯಮದ ಪ್ರಕಾರ ಹಾಗೆ ಸಾಕ್ಷಿ ಹಾಕಿದವರಿಗೆ ಬರೆದ ಪಾಲೇ ರದ್ದಾಗುತ್ತದೆ. ಹಿಂದೂಗಳಿಗೆ ಆ ನಿಯಮವಿಲ್ಲ, ಆದರೆ ಅನುಮಾನ ತಪ್ಪಿದ್ದಲ್ಲ. ನಿಮಗಿಂತ ಚಿಕ್ಕವರು, ಸುಲಭಕ್ಕೆ ಊರು ಬಿಡದವರು, ಕರೆದರೆ ಕೋರ್ಟಿಗೆ ಬಂದು ಮಾತಾಡುವವರು ಇದ್ದರೆ ಒಳ್ಳೆಯದು. ತಕರಾರು ಬಂದಾಗ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ಉಯಿಲಿನಲ್ಲಿ ಏನಿದೆ ಎಂದು ಸಾಕ್ಷಿಗಳು ಓದಬೇಕಿಲ್ಲ. ನಮ್ಮಪ್ಪ ಓದಿದ್ದು ಅವರ ಇಷ್ಟ.

ಬರೆಯುವವರಿಗೆ ವಯಸ್ಸು ಜಾಸ್ತಿಯಾಗಿದ್ದರೆ, ಇಲ್ಲವೇ ಕಾಯಿಲೆಯಿದ್ದರೆ, ಅವರನ್ನು ನೋಡುವ ಡಾಕ್ಟರನ್ನೇ ಒಬ್ಬ ಸಾಕ್ಷಿಯಾಗಿ ಕೇಳಿಕೊಳ್ಳಿ. ಆಗದಿದ್ದರೆ ಅದೇ ದಿನದ ತಾರೀಖಿನಲ್ಲಿ ‘ಬುದ್ಧಿ ಸ್ಥಿಮಿತದಲ್ಲಿದೆ’ ಎಂಬ ಸರ್ಟಿಫಿಕೇಟ್ ಪಡೆದು ಜೊತೆಗಿಡಿ. ಓದಲು ಬಾರದವರಿಗೆ ಪೂರ್ತಿ ಓದಿ ಹೇಳಿ, ‘ಓದಿ ಹೇಳಲಾಗಿದೆ, ಸರಿಯೆಂದು ಒಪ್ಪಿದ್ದಾರೆ’ ಎಂದು ಕೊನೆಯಲ್ಲಿ ಬರೆದು, ಓದಿದವರೂ ರುಜು ಹಾಕಬೇಕು. ವಿಡಿಯೋ ಮಾಡಿಕೊಂಡರೆ ನೆರವಾಗಬಹುದು, ಆದರೆ ಅದು ಸಾಕ್ಷಿ ರುಜುವಿನ ಬದಲಿಗೆ ನಿಲ್ಲುವುದಿಲ್ಲ.

ರುಜು ಬಿದ್ದ ಮೇಲೆ ವೈಟ್ನರ್ ಮುಟ್ಟಬೇಡಿ, ಸಾಲುಗಳ ನಡುವೆ ಏನನ್ನೂ ತುರುಕಬೇಡಿ. ಆಮೇಲಿನ ತಿದ್ದುಪಡಿಗೂ ನೀವು ಮತ್ತು ಇಬ್ಬರು ಸಾಕ್ಷಿಗಳು ಮತ್ತೆ ರುಜು ಹಾಕಲೇಬೇಕು. ಅಷ್ಟು ಪಾಡು ಪಡುವ ಬದಲು ಹೊಸದಾಗಿ ಬರೆಯುವುದೇ ವಾಸಿ.

ಐದನೇ ಹೆಜ್ಜೆ: ನೋಂದಣಿ ಬೇಕೇ?

ಕಡ್ಡಾಯವಲ್ಲ. 1908ರ ನೋಂದಣಿ ಕಾಯ್ದೆಯಲ್ಲಿ ಉಯಿಲನ್ನು ನಿಮ್ಮ ಇಷ್ಟಕ್ಕೆ ಬಿಟ್ಟಿದ್ದಾರೆ. ಇಷ್ಟು ದಿನದೊಳಗೆ ಎಂಬ ಗಡುವೂ ಇಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ಆದರೂ ಮನೆ, ಜಮೀನು ಇದ್ದವರಿಗೆ ಮಾಡಿಸಿ ಎಂದೇ ಹೇಳುತ್ತೇನೆ. ಉಪನೋಂದಣಾಧಿಕಾರಿಗಳ ಕಚೇರಿಗೆ ಸಾಕ್ಷಿಗಳ ಜೊತೆ ಹೋದರೆ ಫೋಟೋ, ಹೆಬ್ಬೆಟ್ಟು ಅಲ್ಲೇ ದಾಖಲಾಗುತ್ತವೆ. ಮನೆಯಲ್ಲಿನ ಮೂಲ ಪ್ರತಿ ಕಳೆದುಹೋದರೂ ಕಚೇರಿಯಲ್ಲಿ ನಕಲು ಇರುತ್ತದೆ. ನೀವು ಬದುಕಿರುವವರೆಗೆ ಆ ನಕಲನ್ನು ನಿಮಗೆ ಅಥವಾ ನಿಮ್ಮ ಏಜೆಂಟರಿಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ. ಮುಚ್ಚಿದ ಲಕೋಟೆಯಲ್ಲಿ ಮೊಹರು ಹಾಕಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡುವ ಅವಕಾಶವೂ ಇದೆ.

ನೋಂದಣಿಯಾದ ಉಯಿಲನ್ನು ಬದಲಾಯಿಸಲು ಆಗುವುದಿಲ್ಲ ಎಂಬ ಮಾತು ಸುಳ್ಳು. ಆಮೇಲೆ ಸರಿಯಾಗಿ ಬರೆದ ಸಾದಾ ಉಯಿಲು ಕೂಡ ಅದನ್ನು ರದ್ದು ಮಾಡಬಲ್ಲದು. ತಾರೀಖಿನಲ್ಲಿ ಕೊನೆಯದ್ದೇ ನಿಲ್ಲುತ್ತದೆ. ಇದಕ್ಕೇ ತಾರೀಖು ಬರೆಯದ ಉಯಿಲು ಅಷ್ಟು ತೊಂದರೆ ಕೊಡುವುದು.

ಆರನೇ ಹೆಜ್ಜೆ: ಎಲ್ಲಿಡಬೇಕು, ಯಾವಾಗ ಬದಲಾಯಿಸಬೇಕು

ಮೂಲ ಪ್ರತಿ ಒಂದೇ ಇರಲಿ. ನಿಮ್ಮ ಒಬ್ಬರ ಹೆಸರಿನ ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ, ನೀವು ಹೋದ ಮೇಲೆ ಅದನ್ನು ತೆರೆಸಲು ಮನೆಯವರು ಪರದಾಡಬೇಕಾಗುತ್ತದೆ. ಕ್ರಯಪತ್ರಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು, ನಿರ್ವಾಹಕರಿಗೂ ನಂಬಿಕೆಯ ಇನ್ನೊಬ್ಬರಿಗೂ ಜಾಗ ಹೇಳಿ. ಒಳಗೆ ಏನಿದೆ ಎಂದು ಹೇಳಬೇಕಿಲ್ಲ.

ಮಗು ಹುಟ್ಟಿದಾಗ, ಮನೆಯಲ್ಲಿ ಮದುವೆಯೋ ಸಾವೋ ವಿಚ್ಛೇದನವೋ ಆದಾಗ, ಆಸ್ತಿ ಕೊಂಡಾಗ ಅಥವಾ ಮಾರಿದಾಗ ಉಯಿಲನ್ನು ಹೊರತೆಗೆದು ಓದಿ. ಕ್ರೈಸ್ತರು, ಪಾರ್ಸಿಗಳು ಮದುವೆಯಾದರೆ ಅದಕ್ಕೂ ಮುಂಚಿನ ಉಯಿಲು ತಾನಾಗೇ ರದ್ದಾಗುತ್ತದೆ, ಹೊಸದು ಬರೆಯಲೇಬೇಕು. ಬರೆದುಕೊಟ್ಟ ಸೈಟನ್ನು ನೀವೇ ಮಾರಿಬಿಟ್ಟಿದ್ದರೆ ಅದನ್ನು ಪಡೆಯಬೇಕಾದವರಿಗೆ ಏನೂ ಸಿಗುವುದಿಲ್ಲ, ಮಾರಿದ ಹಣವೂ ತಾನಾಗಿ ಅವರದ್ದಾಗುವುದಿಲ್ಲ. ಹೊಸದು ಬರೆದ ಮೇಲೆ ಹಳೆಯದನ್ನು ಹರಿದುಹಾಕಿ.

ಸಾಕ್ಷಿಗಳನ್ನೂ ಮರೆಯಬೇಡಿ. ಅವರ ಈಗಿನ ವಿಳಾಸ, ಫೋನ್ ನಂಬರು ಒಂದು ಚೀಟಿಯಲ್ಲಿ ಉಯಿಲಿನ ಜೊತೆಗಿರಲಿ. ಹೋದ ವರ್ಷ ನಮ್ಮ ಮೇಷ್ಟ್ರು ಮಗಳ ಊರಿಗೆ ಹೊರಟಾಗ ಅಪ್ಪ ಬೀಳ್ಕೊಡಲು ಹೋಗಿ, ಹೊಸ ವಿಳಾಸ ಬರೆಸಿಕೊಂಡು ಬಂದು ಅದೇ ಕವರಿಗೆ ಸೇರಿಸಿದರು.